ಬಾಳೆಗುಳಿಯಿಂದ ದುಬೈ ಎಷ್ಟು ದೂರ? ಆಕಾಶದಲ್ಲಿ ಮೂರೂವರೆ ಗಂಟೆ, ನೆಲದ ಮೇಲೆ ಏಳೂವರೆ

ಅಂಕೋಲಾ ಪೇಟೆ ದಾಟಿ ಕಾರವಾರದ ಕಡೆ ಸ್ವಲ್ಪ ಮುಂದೆ ಹೋದರೆ ಬಾಳೆಗುಳಿ ಕ್ರಾಸ್ ಸಿಗುತ್ತೆ. ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಜಾಗ ಇದು. ಒಂದು, ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಕರಾವಳಿಗುಂಟ ಸಾಗುವ 66. ಇನ್ನೊಂದು, ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗಿ ಹುಬ್ಬಳ್ಳಿ, ಯಲ್ಲಾಪುರ ದಾಟಿ ಘಟ್ಟ ಇಳಿದು ಇಲ್ಲಿಗೆ ಬಂದು ಮುಗಿಯುವ 52. ಬಳ್ಳಾರಿಯ ಅದಿರು ಲಾರಿಗಳು ಬೇಲೇಕೇರಿ ಬಂದರಿಗೆ ಸಾಲುಗಟ್ಟಿ ಇಳಿದಿದ್ದೂ ಇದೇ ದಾರಿಯಲ್ಲಿ. ಲಾರಿ, ಬಸ್ಸು, ಪ್ರವಾಸಿಗರ ಕಾರು ಎಲ್ಲವೂ ಇಲ್ಲಿ ಒಂದು ಕ್ಷಣ ನಿಧಾನಿಸಿ, ಯಾವ ಕಡೆ ಅಂತ ನಿರ್ಧರಿಸಿ ಮುಂದೆ ಹೋಗುತ್ತವೆ.

ಈ ಕ್ರಾಸ್‌ನಲ್ಲಿ ಗಲ್ಫ್‌ಗೆ ಹೊರಟ ಒಬ್ಬ ಹುಡುಗ ಬ್ಯಾಗು ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. ಫೋನು ತೆಗೆದು ‘ಗೋವಾದಿಂದ ದುಬೈಗೆ ಎಷ್ಟು ದೂರ’ ಅಂತ ಹುಡುಕುತ್ತಾನೆ. ಉತ್ತರ ತಕ್ಷಣ ಬರುತ್ತೆ: ಸುಮಾರು 2,200 ಕಿಲೋಮೀಟರ್, ಮೂರೂವರೆ ಗಂಟೆ. ಉತ್ತರ ಸರಿಯಾಗಿಯೇ ಇದೆ. ಆದರೆ ಅದನ್ನು ನಂಬಿ ಹೊರಟರೆ ವಿಮಾನ ಸಿಗಲ್ಲ. ಯಾಕಂದ್ರೆ ಫೋನು ಹೇಳಿದ್ದು ವಿಮಾನದ ಪ್ರಯಾಣವನ್ನು, ಹುಡುಗನ ಪ್ರಯಾಣವನ್ನಲ್ಲ.

ಈ ಎರಡರ ನಡುವಿನ ವ್ಯತ್ಯಾಸ ಬರೀ ಪ್ರಯಾಣಿಕನ ತಲೆನೋವು ಅಂದುಕೊಳ್ಳಬೇಡಿ. ಬಾಳೆಗುಳಿಗೆ ಹತ್ತಿರದ ಅಲಗೇರಿ, ಬೇಲೇಕೇರಿ, ಭಾವಿಕೇರಿ ಭಾಗದಲ್ಲಿ ನೌಕಾಪಡೆಯ ವಿಮಾನ ನೆಲೆ, ಅದರ ಜೊತೆಗೊಂದು ನಾಗರಿಕ ಟರ್ಮಿನಲ್ ಮಾಡುವ ಯೋಜನೆ ಇದೆ. ‘ಜಿಲ್ಲೆ ಜಗತ್ತಿಗೆ ಹತ್ತಿರವಾಗುತ್ತೆ’ ಅನ್ನೋದು ಅದರ ಪರವಾಗಿ ಕೇಳಿಬರುವ ಮುಖ್ಯ ಮಾತು. ಹತ್ತಿರ ಅಂದ್ರೆ ಎಷ್ಟು ಹತ್ತಿರ? ಯಾರಿಗೆ ಹತ್ತಿರ? ಉತ್ತರ ಬೇಕಾದರೆ ಮೊದಲು ದೂರವನ್ನೂ ಸಮಯವನ್ನೂ ಹೇಗೆ ಅಳೀತಾರೆ ಅಂತ ತಿಳಿದುಕೊಳ್ಳಬೇಕು.

ಮೂರೂವರೆ ಗಂಟೆ ಎಲ್ಲಿಂದ ಬಂತು?

ಒಂದು ಚಕ್ಕೋತ ಹಣ್ಣು ತಗೊಳ್ಳಿ. ಅದರ ಮೇಲೆ ಎರಡು ಚುಕ್ಕಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ದಾರ ಎಳೆದು ಬಿಗಿ ಮಾಡಿ. ದಾರ ಹಿಡಿಯುವ ದಾರಿಯೇ ಗೋಳದ ಮೇಲಿನ ಅತಿ ಹತ್ತಿರದ ದಾರಿ. ಎರಡು ನಗರಗಳ ನಡುವಿನ ‘ವಿಮಾನ ದೂರ’ ಅಂತ ಕೊಡುವ ಅಂಕಿ ಬಹುತೇಕ ಇದೇ ದಾರದ ಉದ್ದ. ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ನೀವೂ ಲೆಕ್ಕ ಹಾಕಬಹುದು. ಹಾಗೆ ಹಾಕಿದರೆ ಗೋವಾದ ದಾಬೋಳಿಯಿಂದ ದುಬೈಗೆ ಸುಮಾರು 2,210 ಕಿಲೋಮೀಟರ್ ಬರುತ್ತೆ. ಮಂಗಳೂರಿನಿಂದ ಸುಮಾರು 2,460. ಬೆಂಗಳೂರಿನಿಂದ ಸುಮಾರು 2,700. ಅಂಕೋಲೆಯಿಂದಲೇ ದಾರ ಎಳೆದರೆ ಸುಮಾರು 2,300.

ಅಂದ್ರೆ ಆಕಾಶದ ಲೆಕ್ಕದಲ್ಲಿ ಅಂಕೋಲಾ ದುಬೈಗೆ ಬೆಂಗಳೂರಿಗಿಂತ 400 ಕಿಲೋಮೀಟರ್ ಹತ್ತಿರ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಸಮಯ. ದೊಡ್ಡ ಜೆಟ್ ವಿಮಾನ ಮೇಲೆ ಹೋದ ನಂತರ ಗಂಟೆಗೆ 800ರಿಂದ 900 ಕಿಲೋಮೀಟರ್ ವೇಗದಲ್ಲಿ ಹಾರುತ್ತೆ. ದೂರವನ್ನು 850ರಿಂದ ಭಾಗಿಸಿ, ಏರೋದಕ್ಕೆ ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿದರೆ ಒಂದು ಅಂದಾಜು ಸಿಗುತ್ತೆ. ಗೋವಾ–ದುಬೈಗೆ ಅದು ಮೂರು ಗಂಟೆ ಚಿಲ್ಲರೆ. ಆದರೆ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಮೂರೂವರೆ ಗಂಟೆಯ ಆಸುಪಾಸು ಬರೆದಿರುತ್ತೆ. ಯಾಕೆ? ವಿಮಾನ ಸಂಸ್ಥೆಗಳು ಲೆಕ್ಕ ಹಾಕೋದು ಚಕ್ರ ನೆಲ ಬಿಟ್ಟ ಹೊತ್ತಿನಿಂದ ಅಲ್ಲ. ಈ ನಿಲ್ದಾಣದಲ್ಲಿ ಜಾಗ ಬಿಟ್ಟ ಹೊತ್ತಿನಿಂದ ಆ ನಿಲ್ದಾಣದಲ್ಲಿ ಜಾಗ ಸೇರುವವರೆಗೆ. ಇದಕ್ಕೆ ‘ಬ್ಲಾಕ್ ಟೈಮ್’ ಅಂತಾರೆ. ರನ್‌ವೇವರೆಗೆ ತೆವಳೋದು, ಸರದಿಗೆ ಕಾಯೋದು, ದುಬೈನಂಥ ಗಿಜಿಗುಟ್ಟುವ ನಿಲ್ದಾಣದ ಮೇಲೆ ಇಳಿಯಲು ಅನುಮತಿ ಸಿಗುವವರೆಗೆ ಸುತ್ತೋದು ಎಲ್ಲ ಅದರೊಳಗೇ ಬರುತ್ತೆ.

ಗಾಳಿಯೂ ಸೇರುತ್ತೆ. ಚಳಿಗಾಲದಲ್ಲಿ ಹತ್ತು–ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಇರುತ್ತೆ. ದುಬೈಗೆ ಹೋಗುವಾಗ ಅದು ಎದುರುಗಾಳಿ, ಬರುವಾಗ ಬೆನ್ನಗಾಳಿ. ಹಾಗಾಗಿ ಬರುವ ಪ್ರಯಾಣ ಸಾಮಾನ್ಯವಾಗಿ ಹೋಗುವುದಕ್ಕಿಂತ ಬೇಗ ಮುಗಿಯುತ್ತೆ. ಮಳೆಗಾಲದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತೆ. ಕೆಳಗೆ ಅರಬ್ಬೀ ಸಮುದ್ರದಿಂದ ನಮ್ಮ ಕಡೆ ಮುಂಗಾರು ಗಾಳಿ ಬೀಸ್ತಿದ್ದರೆ, ದಕ್ಷಿಣ ಭಾರತದ ಮೇಲೆ ತುಂಬ ಎತ್ತರದಲ್ಲಿ ಗಾಳಿ ತಿರುಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತೆ.

ರಾಜಕಾರಣವೂ ಸೇರುತ್ತೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಬಳಸಬೇಕಾಯ್ತು. ಅದೇ ವರ್ಷ ಜೂನ್ 23ರ ರಾತ್ರಿ ಕತಾರಿನ ಅಮೆರಿಕನ್ ಸೇನಾ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಗಲ್ಫ್‌ನ ಹಲವು ದೇಶಗಳ ಆಕಾಶವೇ ಕೆಲವು ಗಂಟೆ ಬಂದ್ ಆಗಿತ್ತು. ದಾರದ ಉದ್ದ ಬದಲಾಗಲಿಲ್ಲ, ಪ್ರಯಾಣದ ಸಮಯ ಬದಲಾಯ್ತು.

ಕೊನೆಗೆ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ರಾತ್ರಿ 12.30ಕ್ಕೆ ಹೊರಟ ವಿಮಾನ 2.30ಕ್ಕೆ ತಲುಪುತ್ತೆ ಅಂತ ಟಿಕೆಟ್ ಹೇಳಿದರೆ ‘ಓ, ಎರಡೇ ಗಂಟೆ’ ಅಂತ ಅನ್ನಿಸಬಹುದು. ಅಲ್ಲ, ಮೂರೂವರೆ. ವಾಪಸ್ ಬರುವಾಗ ಉಲ್ಟಾ: ಮೂರು ಗಂಟೆಯ ಹಾರಾಟ ನಾಲ್ಕೂವರೆ ಗಂಟೆಯ ಹಾಗೆ ಕಾಣುತ್ತೆ. ಮೊದಲ ಸಲ ಹೋಗುವವರ ಮನೆಯವರು ‘ಇನ್ನೂ ಫೋನ್ ಬರಲಿಲ್ಲ’ ಅಂತ ಒದ್ದಾಡೋದಕ್ಕೆ ಅರ್ಧ ಕಾರಣ ಈ ಒಂದೂವರೆ ಗಂಟೆ.

ಈಗ ಬಾಳೆಗುಳಿಯಿಂದ ಹೊರಡೋಣ

ಮೇಲಿನ ಲೆಕ್ಕವೆಲ್ಲ ಗೋವಾದ ರನ್‌ವೇಯಿಂದ ಶುರು. ನಮ್ಮ ಹುಡುಗ ಇನ್ನೂ ಬಾಳೆಗುಳಿಯಲ್ಲೇ ಇದ್ದಾನಲ್ಲ, ಅವನ ಲೆಕ್ಕ ಮಾಡೋಣ.

ಬಾಳೆಗುಳಿಯಿಂದ ದಾಬೋಳಿಗೆ ಸುಮಾರು 130 ಕಿಲೋಮೀಟರ್. ಕಾರವಾರ, ಕಾಳಿ ಸೇತುವೆ, ಮಾಜಾಳಿ ಚೆಕ್‌ಪೋಸ್ಟ್, ಕಾಣಕೋಣದ ಘಾಟಿ, ಮಡಗಾಂವ. ಎಲ್ಲ ಸರಿ ಇದ್ದರೆ ಮೂರು ಗಂಟೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಬರಬೇಕು ಅಂತಾರೆ. ಹಾರಾಟ ಮೂರೂವರೆ. ದುಬೈನಲ್ಲಿ ಇಮಿಗ್ರೇಷನ್, ಲಗೇಜು, ರೂಮು ಸೇರೋದು ಒಂದೂವರೆ. ಕೂಡಿಸಿ: ಹನ್ನೊಂದು ಗಂಟೆ. ಅದರಲ್ಲಿ ಆಕಾಶದ ಪಾಲು ಮೂರೂವರೆ, ನೆಲದ ಪಾಲು ಏಳೂವರೆ. 2,210 ಕಿಲೋಮೀಟರ್ ಹಾರಲು ಹಿಡಿಯುವ ಸಮಯಕ್ಕೂ ಮೊದಲ 130 ಕಿಲೋಮೀಟರ್ ದಾಟಲು ಹಿಡಿಯುವ ಸಮಯಕ್ಕೂ ಇರುವ ಅಂತರ ಬರೀ ಅರ್ಧ ಗಂಟೆ!

ಮಂಗಳೂರಿನಿಂದ ಹೋಗೋಣ ಅಂದ್ರೆ ರಸ್ತೆಯೇ ಸುಮಾರು 235 ಕಿಲೋಮೀಟರ್, ಐದು ಗಂಟೆ. ಬೆಂಗಳೂರಾದರೆ ರಾತ್ರಿಯಿಡೀ ಬಸ್ಸು.

ಗೋವಾದಲ್ಲೂ ಈಗ ಎರಡು ನಿಲ್ದಾಣ. ಮೋಪಾದಲ್ಲಿ ಮಹಾರಾಷ್ಟ್ರದ ಗಡಿ ಹತ್ತಿರ ಕಟ್ಟಿದ ಹೊಸ ನಿಲ್ದಾಣದಿಂದ 2023ರ ಜನವರಿ 5ರಂದು ವಿಮಾನ ಹಾರಾಟ ಶುರುವಾಯ್ತು. ಆಮೇಲೆ ಒಮಾನ್ ಏರ್, ಕತಾರ್ ಏರ್‌ವೇಸ್‌ನಂಥ ಸಂಸ್ಥೆಗಳು ದಾಬೋಳಿ ಬಿಟ್ಟು ಅಲ್ಲಿಗೆ ಹೋದವು. ನಕ್ಷೆ ಪ್ರಕಾರ ಮೋಪಾ ದುಬೈಗೆ ಸುಮಾರು 15 ಕಿಲೋಮೀಟರ್ ಹತ್ತಿರ. ವಿಮಾನಕ್ಕೆ ಒಂದು ನಿಮಿಷದ ಉಳಿತಾಯ. ಆದರೆ ಬಾಳೆಗುಳಿಯವರಿಗೆ ಇಡೀ ಗೋವಾ ದಾಟಿ ಹೋಗಬೇಕಾದ್ದರಿಂದ ರಸ್ತೆಯಲ್ಲಿ ಒಂದು ಗಂಟೆ ಜಾಸ್ತಿ. ಆಕಾಶದಲ್ಲಿ ಹತ್ತಿರವಾದದ್ದು ನೆಲದಲ್ಲಿ ದೂರವಾಯ್ತು.

ಮೂರು ದಾರಿ, ಮೂರು ಕಡೆ ಕುತ್ತಿಗೆ

‘ಎಲ್ಲ ಸರಿ ಇದ್ದರೆ’ ಅಂದೆ. ಸರಿ ಇಲ್ಲದಿದ್ದರೆ?

ಬಾಳೆಗುಳಿಯಿಂದ ಹೊರಹೋಗಲು ಮೂರೇ ದಿಕ್ಕು. ದಕ್ಷಿಣಕ್ಕೆ ಮಂಗಳೂರು. ಆ ದಾರಿಯಲ್ಲಿ ಶಿರೂರು ಸಿಗುತ್ತೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಪಕ್ಕ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ, ಲಾರಿ ನಿಲ್ಲಿಸಿ ವಿಶ್ರಾಂತಿ ಪಡೆಯುತ್ತಿದ್ದ ಚಾಲಕರು ಮಣ್ಣಿನಡಿ, ಗಂಗಾವಳಿ ನದಿಯ ಪಾಲಾದರು. ಕೇರಳದ ಚಾಲಕನೊಬ್ಬನ ಲಾರಿ ನದಿಯಿಂದ ಮೇಲೆ ಬಂದಿದ್ದು ಎರಡು ತಿಂಗಳು ಕಳೆದು, ಸೆಪ್ಟೆಂಬರ್ 25ಕ್ಕೆ. ಹೆದ್ದಾರಿ ದಿನಗಟ್ಟಲೆ ಬಂದ್.

ಉತ್ತರಕ್ಕೆ ಗೋವಾ. ಆ ದಾರಿಯಲ್ಲಿ ಕಾಳಿ ನದಿ. ಶಿರೂರಿನ ದುರಂತ ನಡೆದು ಮೂರು ವಾರ ಕಳೆದಿತ್ತು ಅಷ್ಟೇ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡದ ನಡುವಿನ ಹಳೇ ಕಾಳಿ ಸೇತುವೆ ಮುರಿದು ನದಿಗೆ ಬಿತ್ತು. ಮೇಲಿದ್ದ ಲಾರಿಯೂ ಬಿತ್ತು, ಚಾಲಕನನ್ನು ಬದುಕಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇತ್ತು ಅನ್ನೋದೊಂದೇ ಪುಣ್ಯ. ಎರಡೂ ಕಡೆಯ ವಾಹನ ಒಂದೇ ಸೇತುವೆ ಮೇಲೆ ಓಡಾಡಬೇಕಾಯ್ತು.

ಪೂರ್ವಕ್ಕೆ ಹುಬ್ಬಳ್ಳಿ. ಆ ದಾರಿಯಲ್ಲಿ ಅರಬೈಲ್ ಘಟ್ಟ. ಮಳೆಗಾಲದಲ್ಲಿ ಅಲ್ಲಿ ಒಂದು ಲಾರಿ ಅಡ್ಡ ಬಿದ್ದರೆ ಸಾಕು, ಸಾಲು ಕಿಲೋಮೀಟರ್‌ಗಟ್ಟಲೆ. ಇದಕ್ಕೆ ಬದಲಿಯಾಗಬೇಕಿದ್ದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಗೆ ಮಂಜೂರಾಯ್ತು. ದಟ್ಟ ಕಾಡು ಸೀಳಿ ಹೋಗುತ್ತೆ ಅನ್ನೋ ಕಾರಣಕ್ಕೆ ಅರಣ್ಯ ಅನುಮತಿ, ಕೋರ್ಟು ಅಂತ ಎರಡೂವರೆ ದಶಕ ಕಳೆಯಿತು. ಕಾಡು ಉಳಿಯಬೇಕು ಅನ್ನುವವರ ವಾದದಲ್ಲೂ ನ್ಯಾಯ ಇದೆ, ಘಟ್ಟದಲ್ಲಿ ಸಿಕ್ಕಿಹಾಕಿಕೊಂಡವರ ಸಿಟ್ಟಿನಲ್ಲೂ ನ್ಯಾಯ ಇದೆ.

ಹಾಗಾಗಿ ಈ ಜಿಲ್ಲೆಯಲ್ಲಿ ‘ಪ್ರಯಾಣದ ಸಮಯ’ ಅನ್ನೋದು ನಿಗದಿತ ಅಂಕಿ ಅಲ್ಲ. ಜನವರಿಯಲ್ಲಿ ಮೂರು ಗಂಟೆ ಇರೋದು ಜುಲೈನಲ್ಲಿ ಆರೂ ಆಗಬಹುದು. ಅನುಭವಸ್ಥರು ಮಳೆಗಾಲದಲ್ಲಿ ಟಿಕೆಟ್ ಮಾಡಿಸಿದರೆ ಹಿಂದಿನ ದಿನವೇ ಹೊರಡುತ್ತಾರೆ.

ಅಲಗೇರಿಯಲ್ಲಿ ವಿಮಾನ ಇಳಿದರೆ?

‘ಅದಕ್ಕೇ ಅಲ್ವಾ ನಮ್ಮಲ್ಲೇ ಏರ್‌ಪೋರ್ಟ್ ಬೇಕು ಅನ್ನೋದು?’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಂಕೋಲೆಯಿಂದ ದುಬೈಗೆ ದಾರ ಎಳೆದರೆ 2,300 ಕಿಲೋಮೀಟರ್. ನೇರ ವಿಮಾನ ಇದ್ದರೆ ರಸ್ತೆಯ ಮೂರು ಗಂಟೆ ಪೂರ್ತಿ ಉಳಿಯಿತು.

ಆದರೆ ರನ್‌ವೇ ಕಟ್ಟಿದ ಕೂಡಲೇ ನೇರ ವಿಮಾನ ಬರಲ್ಲ. ವಿದೇಶಿ ಹಾರಾಟಕ್ಕೆ ಕಸ್ಟಮ್ಸ್, ಇಮಿಗ್ರೇಷನ್ ಬೇಕು, ಅಂತಾರಾಷ್ಟ್ರೀಯ ನಿಲ್ದಾಣ ಅನ್ನುವ ಮಾನ್ಯತೆ ಬೇಕು. ಅದರ ಮೇಲೆ ಎರಡು ದೇಶಗಳ ನಡುವಿನ ಒಪ್ಪಂದದ ಮಿತಿ ಇದೆ. ಭಾರತ–ದುಬೈ ನಡುವೆ ಒಂದೊಂದು ಕಡೆಯ ಸಂಸ್ಥೆಗಳು ವಾರಕ್ಕೆ ಸುಮಾರು 66 ಸಾವಿರ ಸೀಟುಗಳನ್ನಷ್ಟೇ ಹಾರಿಸಬಹುದು, ಮತ್ತು ವಿದೇಶಿ ಸಂಸ್ಥೆಗಳು ಪಟ್ಟಿಯಲ್ಲಿರುವ ನಗರಗಳಿಗಷ್ಟೇ ಬರಬಹುದು. ಸಣ್ಣ ಊರಿನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಶುರುವಾಗೋದು 70 ಸೀಟಿನ ಆಸುಪಾಸಿನ, ಫ್ಯಾನ್ ತಿರುಗುವ ಎಟಿಆರ್ ವಿಮಾನ. ಅದು ಹೋಗೋದು ಬೆಂಗಳೂರಿಗೆ. 2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಬಂದ ಮೊದಲ ಪ್ರಯಾಣಿಕ ವಿಮಾನವೂ ಬೆಂಗಳೂರಿನದ್ದೇ.

ಆಗ ನಮ್ಮ ಹುಡುಗನ ಲೆಕ್ಕ ಏನಾಗುತ್ತೆ? ಪಶ್ಚಿಮಕ್ಕೆ ಹೋಗಬೇಕಾದವನು ಮೊದಲು ಪೂರ್ವಕ್ಕೆ 400 ಕಿಲೋಮೀಟರ್ ಹಾರಬೇಕು, ಆಮೇಲೆ ಅಲ್ಲಿಂದ 2,700. ಒಟ್ಟು 3,100. ಮನೆಯಿಂದ ಅಲಗೇರಿಗೆ ಇಪ್ಪತ್ತು ನಿಮಿಷ, ಅಲ್ಲಿ ಒಂದೂವರೆ ಗಂಟೆ, ಬೆಂಗಳೂರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ, ಅಲ್ಲಿ ಮೂರು ಗಂಟೆ ಕಾಯೋದು, ದುಬೈಗೆ ನಾಲ್ಕು ಗಂಟೆ, ಹೊರಬರೋದಕ್ಕೆ ಒಂದೂವರೆ. ಕೂಡಿಸಿ: ಹನ್ನೊಂದು ಗಂಟೆ ನಲವತ್ತು ನಿಮಿಷ. ಇವತ್ತು ರಸ್ತೆಯಲ್ಲಿ ದಾಬೋಳಿಗೆ ಹೋಗಿ ಹಾರಿದರೆ ಹನ್ನೊಂದು ಗಂಟೆ.

ಅಂದ್ರೆ ಮನೆ ಪಕ್ಕ ಏರ್‌ಪೋರ್ಟ್ ಬಂದರೂ ದುಬೈ ಒಂದು ನಿಮಿಷವೂ ಹತ್ತಿರ ಆಗಲ್ಲ.

ಬೆಂಗಳೂರು ಮಾತ್ರ ನಿಜಕ್ಕೂ ಹತ್ತಿರ ಆಗುತ್ತೆ, ಅದನ್ನೂ ಹೇಳಬೇಕು. ರಾತ್ರಿ ಹತ್ತು ಗಂಟೆಯ ಬಸ್ ಪ್ರಯಾಣ ಮನೆಯಿಂದ ಮನೆಗೆ ನಾಲ್ಕೈದು ಗಂಟೆಗೆ ಇಳಿಯುತ್ತೆ. ಬೆಂಗಳೂರಲ್ಲಿ ಕೆಲಸ ಮಾಡುವ ಸಾವಿರಾರು ಅಂಕೋಲಾ, ಕುಮಟಾ, ಕಾರವಾರದ ಯುವಕ–ಯುವತಿಯರಿಗೆ, ಊರಲ್ಲಿ ಅಪ್ಪ–ಅಮ್ಮ ಮಾತ್ರ ಇರುವ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಗೋಕರ್ಣದ ಪ್ರವಾಸೋದ್ಯಮಕ್ಕೆ, ನೌಕಾನೆಲೆಯ ಸಿಬ್ಬಂದಿಗೆ ಅನುಕೂಲ ಆಗುತ್ತೆ. ಆದರೆ ಎರಡು ಷರತ್ತು: ಟಿಕೆಟ್ ಕೈಗೆಟುಕಬೇಕು, ವಿಮಾನ ನಿಲ್ಲದೆ ನಡೀಬೇಕು.

ಹಾರಿದ್ದು ಎಷ್ಟು, ಉಳಿದಿದ್ದು ಎಷ್ಟು?

ಸಣ್ಣ ಊರುಗಳ ವಿಮಾನ ಬಹುತೇಕ ಕೇಂದ್ರದ ‘ಉಡಾನ್’ ಯೋಜನೆಯ ಆಸರೆಯಲ್ಲಿ ನಡೆಯುತ್ತೆ. 2017ರಲ್ಲಿ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅನ್ನೋದು ಅದರ ಘೋಷಣೆ. ಆ ದರ ಎಲ್ಲ ಸೀಟಿಗೂ ಅಲ್ಲ, ಸುಮಾರು ಅರ್ಧದಷ್ಟು ಸೀಟಿಗೆ. ನಷ್ಟ ತುಂಬಿಕೊಡುವ ಸಹಾಯಧನ ಮೂರು ವರ್ಷಕ್ಕೆ.

ಮೂರು ವರ್ಷ ಕಳೆದ ಮೇಲೆ ಏನಾಗುತ್ತೆ? ಮಹಾಲೇಖಪಾಲರ 2023ರ ವರದಿ ಇದನ್ನು ಎಣಿಸಿ ಇಟ್ಟಿದೆ. ಪರಿಶೀಲಿಸಿದ 774 ಮಾರ್ಗಗಳಲ್ಲಿ 403 ಮಾರ್ಗಗಳಲ್ಲಿ ವಿಮಾನ ಹಾರಲೇ ಇಲ್ಲ. ಹಾರಿದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್ ಹೊತ್ತಿಗೆ ನಡೀತಿದ್ದದ್ದು 54. ನೂರಕ್ಕೆ ಏಳು. ನಮ್ಮ ಬೀದರ್‌ನಲ್ಲೇ 2020ರಲ್ಲಿ ಶುರುವಾದ ವಿಮಾನ ನಡುವೆ ನಿಂತು, 2025ರಲ್ಲಿ ಮತ್ತೆ ಶುರುವಾಯ್ತು.

ವಿಮಾನ ನಿಂತರೆ ಮತ್ತೆ ಬರಬಹುದು. ಅದಕ್ಕಾಗಿ ಕೊಟ್ಟ ಗದ್ದೆ ಮತ್ತೆ ಬರಲ್ಲ.

ಇನ್ನೊಂದು ಸಂಗತಿ. ಅಲಗೇರಿಯ ರನ್‌ವೇ ನೌಕಾಪಡೆಯದ್ದು, ನಾಗರಿಕ ವಿಮಾನ ಅಲ್ಲಿ ಬಾಡಿಗೆದಾರನ ಹಾಗೆ. ದಾಬೋಳಿಯೂ ಹೀಗೇ, ಅದು ಐಎನ್ಎಸ್ ಹಂಸ ನೆಲೆಯ ರನ್‌ವೇ. ಅಲ್ಲಿ ವಾರದ ದಿನಗಳ ಬೆಳಗಿನ ಹೊತ್ತನ್ನು ಸೇನೆಯ ಹಾರಾಟಕ್ಕೆ ಮೀಸಲಿಟ್ಟು, ನಾಗರಿಕ ವಿಮಾನಗಳನ್ನು ಉಳಿದ ಹೊತ್ತಿಗೆ ಹೊಂದಿಸಿಕೊಂಡು ಬಂದಿದ್ದಾರೆ. ಗೋವಾ ಮೋಪಾದಲ್ಲಿ ಇನ್ನೊಂದು ನಿಲ್ದಾಣ ಕಟ್ಟಿಕೊಳ್ಳಲು ಇದೂ ಒಂದು ಕಾರಣ. 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ಉತ್ತರ ಮತ್ತು ಪಶ್ಚಿಮ ಭಾರತದ 32 ನಿಲ್ದಾಣಗಳನ್ನು ನಾಗರಿಕರಿಗೆ ಕೆಲವು ದಿನ ಮುಚ್ಚಿದ್ದರು. ದೇಶದ ರಕ್ಷಣೆಗೆ ಅದು ಬೇಕಿರಬಹುದು. ‘ನಮ್ಮೂರ ಏರ್‌ಪೋರ್ಟ್’ ಅನ್ನುವಾಗ ಅದರ ಕೀಲಿಕೈ ಯಾರ ಬಳಿ ಇರುತ್ತೆ ಅನ್ನೋದು ಗೊತ್ತಿದ್ದರೆ ಒಳ್ಳೇದು.

ಯಾರ ನೆಲ, ಎಷ್ಟನೇ ಸಲ?

ಅಂಕೋಲಾ–ಕಾರವಾರದ ಜನ ‘ಯೋಜನೆ’ ಅನ್ನುವ ಪದವನ್ನು ಮೊದಲ ಸಲ ಕೇಳುತ್ತಿಲ್ಲ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. 2005ರ ಮೇ 31ರಂದು ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ನಡುವೆ ಸುಮಾರು 11 ಸಾವಿರ ಎಕರೆ ನೆಲ, ಸಾವಿರಾರು ಕುಟುಂಬ, ಕಡಲತೀರದ ಹಳ್ಳಿಗಳು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಹಣ ಬರುವ ಹೊತ್ತಿಗೆ ಎಷ್ಟೋ ಮನೆಯ ಹಿರಿಯರು ಇರಲಿಲ್ಲ. ಅದೇ ಕಾಲದಲ್ಲಿ ಕೊಂಕಣ ರೈಲ್ವೆ ಬಂತು, 1998ರಲ್ಲಿ ಪೂರ್ತಿ ಓಡಿತು. ಆಮೇಲೆ ಚತುಷ್ಪಥ. ಈಗ ವಿಮಾನ ನೆಲೆ. ಒಂದೇ ಕುಟುಂಬ ಎರಡು, ಮೂರು ಸಲ ನೋಟಿಸ್ ನೋಡಿದ ಉದಾಹರಣೆಗಳು ಈ ಪಟ್ಟಿಯಲ್ಲಿ ಸಿಗುತ್ತವೆ ಅಂದ್ರೆ ಆಶ್ಚರ್ಯ ಪಡಬೇಕಿಲ್ಲ.

ಪರಿಹಾರದಲ್ಲೂ ದೂರದ್ದೇ ಲೆಕ್ಕ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಹಳ್ಳಿಯ ಜಮೀನಿನ ಮಾರುಕಟ್ಟೆ ಬೆಲೆಯನ್ನು 1ರಿಂದ 2ರ ನಡುವಿನ ಒಂದು ಅಂಕಿಯಿಂದ ಗುಣಿಸುತ್ತಾರೆ. ಜಮೀನು ಪಟ್ಟಣದಿಂದ ಎಷ್ಟು ದೂರ ಅನ್ನೋದರ ಮೇಲೆ ಆ ಅಂಕಿ ನಿರ್ಧಾರ. ಬಂದ ಮೊತ್ತದಷ್ಟೇ ಇನ್ನೊಂದು ಪಾಲು ಸಾಂತ್ವನ ಧನ. ಹಾಗಾಗಿ ಮಾರುಕಟ್ಟೆ ಬೆಲೆಯ ಎರಡರಿಂದ ನಾಲ್ಕು ಪಟ್ಟು ಸಿಗಬಹುದು. ಕೇಳೋಕೆ ದೊಡ್ಡದು. ಆದರೆ ಮಾರುಕಟ್ಟೆ ಬೆಲೆ ಅಂತ ಹಿಡಿಯೋದು ಬಹುತೇಕ ನೋಂದಣಿ ಕಚೇರಿಯ ದರವನ್ನು. ಅಲ್ಲಿ ಬರೆದ ಬೆಲೆಗೂ ನಿಜವಾಗಿ ಕೈಬದಲಾಗುವ ಬೆಲೆಗೂ ಎಷ್ಟು ಅಂತರ ಅನ್ನೋದು ಜಮೀನು ಕೊಂಡ ಎಲ್ಲರಿಗೂ ಗೊತ್ತು.

ಹೋಗೋದು ಬರೀ ಎಕರೆ ಅಲ್ಲ. ಅಂಕೋಲೆಯ ಕರಿ ಇಶಾಡ್ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈ ಹಣ್ಣು ಬೇಗ ಹಾಳಾಗುತ್ತೆ, ದೂರ ಕಳಿಸೋದು ಕಷ್ಟ. ಏರ್‌ಪೋರ್ಟ್ ಬಂದರೆ ಇಶಾಡ್ ದುಬೈಗೆ ಹಾರುತ್ತೆ ಅನ್ನುವ ವಾದ ಕೇಳೋಕೆ ಚಂದ. ಹಾರಬೇಕಾದರೆ ತಂಪು ಗೋದಾಮು ಬೇಕು, ತಪಾಸಣೆಯ ವ್ಯವಸ್ಥೆ ಬೇಕು, ಸರಕು ಹೊರುವ ವಿಮಾನ ಬೇಕು. ಎಲ್ಲಕ್ಕೂ ಮೊದಲು ಮರ ಉಳಿದಿರಬೇಕು.

ಮೂರೂವರೆ ಗಂಟೆಯ ಇನ್ನೊಂದು ಊರು

ಬಾಳೆಗುಳಿಯಿಂದ ಮೂರೂವರೆ ಗಂಟೆಯ ದೂರದಲ್ಲಿ ಇನ್ನೊಂದು ಊರಿದೆ. ಮಣಿಪಾಲ. ಸುಮಾರು 180 ಕಿಲೋಮೀಟರ್. ಹೃದಯಾಘಾತವಾದರೆ, ತಲೆಗೆ ಪೆಟ್ಟಾದರೆ, ಕಷ್ಟದ ಹೆರಿಗೆಯಾದರೆ ಈ ಜಿಲ್ಲೆಯ ಜನ ಹೋಗೋದು ಅಲ್ಲಿಗೆ, ಇಲ್ಲಾ ಘಟ್ಟ ಹತ್ತಿ ಹುಬ್ಬಳ್ಳಿಗೆ, ಇಲ್ಲಾ ಗಡಿ ದಾಟಿ ಗೋವಾಕ್ಕೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೂ ‘ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು’ ಅನ್ನುವ ಕೂಗು ನಿಂತಿಲ್ಲ.

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. (ಅಂಕೋಲೆಯ ಶಿರೂರು ಬೇರೆ, ಇದು ಬೇರೆ. ಎರಡೂ ಅದೇ ಹೆದ್ದಾರಿಯ ಮೇಲೆ.) ಆ ವಿಡಿಯೋ ನೀವೂ ನೋಡಿರುತ್ತೀರಿ. ‘ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ’ ಅಂತ ಸೋಷಿಯಲ್ ಮೀಡಿಯಾದಲ್ಲಿ ಅಭಿಯಾನ ಜೋರಾಗಿದ್ದು ಆಗ. ಅದನ್ನು ನಡೆಸಿದ್ದು ನಿಮ್ಮ ವಯಸ್ಸಿನವರೇ.

ಈ ಎರಡು ಮೂರೂವರೆ ಗಂಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು, ದುಬೈಗೆ ಹಾರುವವನದ್ದು. ಅದನ್ನು ಕಡಿಮೆ ಮಾಡುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ, 2,200 ಕಿಲೋಮೀಟರ್ ಅಷ್ಟೇ ಇರುತ್ತೆ. ಇನ್ನೊಂದು, ಆಂಬುಲೆನ್ಸ್‌ನಲ್ಲಿ ಮಲಗಿದವನದ್ದು. ಅದನ್ನು ಅರ್ಧ ಗಂಟೆಗೆ ಇಳಿಸಬಹುದು. ಜಿಲ್ಲೆಯ ಒಳಗೇ ಹೃದಯ, ನರ, ಅಪಘಾತ ಚಿಕಿತ್ಸೆಯ ಪೂರ್ಣ ಆಸ್ಪತ್ರೆ, ಅದಕ್ಕೆ ಬೇಕಾದ ತಜ್ಞರು ಇದ್ದರೆ ಸಾಕು.

ವಿಮಾನ ನಿಲ್ದಾಣ ಬೇಡ ಅನ್ನೋದು ಈ ಬರಹದ ವಾದ ಅಲ್ಲ. ಆದರೆ ‘ದೂರ ಕಡಿಮೆಯಾಗುತ್ತೆ’ ಅಂತ ಯಾರಾದರೂ ವೇದಿಕೆ ಮೇಲಿಂದ ಹೇಳಿದಾಗ ಚಪ್ಪಾಳೆ ಹೊಡೆಯೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಎಲ್ಲಿಂದ ಎಲ್ಲಿಗೆ, ಮನೆ ಬಾಗಿಲಿಂದಲೋ ರನ್‌ವೇಯಿಂದಲೋ? ಮಳೆಗಾಲದಲ್ಲೂ ಅದೇ ಸಮಯವೋ? ಸಹಾಯಧನ ಮುಗಿದ ನಾಲ್ಕನೇ ವರ್ಷವೂ ಆ ವಿಮಾನ ಇರುತ್ತೋ? ನೆಲ ಕೊಟ್ಟವರು ಆ ವಿಮಾನದಲ್ಲಿ ಎಂದಾದರೂ ಕೂರುತ್ತಾರೋ? ಅಭ್ಯರ್ಥಿ ಯಾವ ಪಕ್ಷದವರಾದರೂ ಸರಿ, ಈ ಪ್ರಶ್ನೆಗಳಿಗೆ ಗಂಟೆ, ನಿಮಿಷ, ರೂಪಾಯಿಯಲ್ಲಿ ಉತ್ತರ ಕೊಡಲಿ.

ನಮ್ಮ ಹುಡುಗ ಇನ್ನೂ ಬಾಳೆಗುಳಿಯಲ್ಲೇ ಇದ್ದಾನೆ. ಅವನಿಗೊಂದು ಕಿವಿಮಾತು: ಟಿಕೆಟ್‌ನಲ್ಲಿ ಮೂರೂವರೆ ಗಂಟೆ ಅಂತ ಇದ್ದರೂ ಮನೆಯಿಂದ ಎಂಟು ಗಂಟೆ ಮುಂಚೆ ಹೊರಡು. ಜುಲೈ ಆಗಿದ್ದರೆ ಹಿಂದಿನ ದಿನವೇ. ಹೊರಡೋ ಮುಂಚೆ ಶಿರೂರು, ಕಾಳಿ, ಅರಬೈಲ್ ಮೂರರಲ್ಲಿ ಇವತ್ತು ಯಾವುದು ತೆರೆದಿದೆ ಅಂತ ಒಂದು ಫೋನ್ ಮಾಡಿ ಕೇಳು.